ಗೇರ್‌ಬಾಕ್ಸ್ ಇಳಿಸದೆ ಆಯಿಲ್ ಟೆಂಪರೇಚರ್ ಸೆನ್ಸರ್ ದೋಷ ಹಿಡಿದದ್ದು: ನನ್ನ ಅನುಭವ

ಸೆನ್ಸರ್ ಸರಿ ಇದೆ, ಗೇರ್‌ಬಾಕ್ಸೇ ಹೋಗಿದೆ ಎಂದು ಮೂರ್ನಾಲ್ಕು ಕಡೆ ಹೇಳಿಸಿಕೊಂಡು ಬಂದ ಗಾಡಿ ಇದು. ಡೀಸೆಲ್ ಎಸ್‌ಯುವಿ, ಆರು ಗೇರಿನ ಆಟೋಮ್ಯಾಟಿಕ್, ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದು. ಓನರ್ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು. ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಬದಲಾಯಿಸಿದ್ದಾಗಿತ್ತು, ಆ ಎಣ್ಣೆಯ ಪ್ರೆಶರ್ ಹಂಚಿ ಗೇರ್ ಹಾಕಿಸುವ ವಾಲ್ವ್ ಬಾಡಿ ಕ್ಲೀನ್ ಮಾಡಿಸಿದ್ದಾಗಿತ್ತು, ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿತ್ತು. ಕೊನೆಗೆ ಒಂದು ಕಡೆ ಓವರ್‌ಹಾಲ್‌ಗೆ ಒಂದೂಮುಕ್ಕಾಲು ಲಕ್ಷದ ಎಸ್ಟಿಮೇಟ್ ಕೊಟ್ಟಿದ್ದರು. "ಮೇಸ್ತ್ರಿ, ನೀವೊಂದ್ಸಲ ನೋಡಿಬಿಡಿ, ಆಮೇಲೆ ಬಿಚ್ಚಿಸ್ತೀನಿ" ಅಂದರು.

ಬೆಳಿಗ್ಗೆ ಗಾಡಿ ಬೆಣ್ಣೆ ಹಾಗೆ ಓಡುತ್ತದೆ. ಗುಂಡ್ಯದಿಂದ ಶಿರಾಡಿ ಘಾಟ್ ಹತ್ತುವಾಗ ಎರಡರಿಂದ ಮೂರಕ್ಕೆ ಜೋರಾಗಿ ಜರ್ಕ್. ಕೆಲವೊಮ್ಮೆ ಲ್ಯಾಂಪ್ ಬಂದು ಒಂದೇ ಗೇರಿನಲ್ಲಿ ನಿಂತುಬಿಡುತ್ತದೆ. ಆಫ್ ಮಾಡಿ ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ಸ್ಕ್ಯಾನರ್‌ನಲ್ಲಿ ಬಂದ ದೋಷದ ಕೋಡ್ ಪಿ0711. ಅಂದರೆ ಸೆನ್ಸರ್ ಸರ್ಕ್ಯೂಟ್ ಪೂರ್ತಿ ಕಟ್ಟಾಗಿಲ್ಲ, ರೀಡಿಂಗ್ ಮಾತ್ರ ನಂಬುವ ಹಾಗಿಲ್ಲ. ಕಟ್ಟಾಗಿದ್ದರೆ 0713 ಬಂದು ಸ್ಕ್ಯಾನರ್‌ನಲ್ಲಿ ಮೈನಸ್ 40 ನಿಲ್ಲಬೇಕಿತ್ತು.

ಎಲ್ಲರೂ ಸೆನ್ಸರ್ ಪಾಸ್ ಮಾಡಿದ್ದು ತಣ್ಣಗಿದ್ದಾಗ. ನಾನೂ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ ನೋಡಿದೆ. ಕೂಲೆಂಟ್, ಇನ್‌ಟೇಕ್ ಏರ್, ಎಟಿಎಫ್ ಮೂರೂ ಇಪ್ಪತ್ತರ ಆಸುಪಾಸು. ವೈರಿನ ಕಪ್ಲರ್ ಬಿಚ್ಚಿ ಸೆನ್ಸರ್‌ನ ರೆಸಿಸ್ಟೆನ್ಸ್ ಅಳೆದರೆ 2.4 ಕಿಲೋ ಓಮ್. ಬಿಸಿ ಏರಿದಂತೆ ಇದು ಇಳಿಯಬೇಕು. ಈ ಗಾಡಿಗೆ ಅದು ಸರಿಯಾದ ಲೆಕ್ಕವೇ. ಇಲ್ಲಿಗೆ ನಿಲ್ಲಿಸಿದರೆ ಯಾರಾದರೂ ಗೇರ್‌ಬಾಕ್ಸ್ ಮೇಲೇ ಹೇಳುತ್ತಾರೆ.

ನನಗೆ ಗುಮಾನಿ ಬಂದದ್ದು ಆರ್‌ಪಿಎಂ ನೋಡಿ. ಘಾಟ್ ಮುಗಿದ ಮೇಲೆ ಸಮ ರಸ್ತೆಯಲ್ಲಿ 80ರ ಸ್ಪೀಡಿಗೆ 1700 ಇರಬೇಕಾದ್ದು 2000 ದಾಟುತ್ತಿತ್ತು. ಲಾಕ್‌ಅಪ್, ಅಂದರೆ ಟಾರ್ಕ್ ಕನ್ವರ್ಟರ್ ಜಾರದಂತೆ ಇಂಜಿನ್ನನ್ನು ಗೇರ್‌ಬಾಕ್ಸಿಗೆ ನೇರ ಕಚ್ಚಿಸುವ ಕ್ಲಚ್, ಹಿಡಿಯುತ್ತಿರಲಿಲ್ಲ. ಎಣ್ಣೆ ತಣ್ಣಗಿದೆ ಎಂದು ಟಿಸಿಎಂ (ಗೇರ್‌ಬಾಕ್ಸ್ ನಡೆಸುವ ಕಂಪ್ಯೂಟರ್) ತಿಳಿದರೆ ಲಾಕ್‌ಅಪ್ ಕೊಡುವುದಿಲ್ಲ, ಪ್ರೆಶರ್ ಏರಿಸುತ್ತದೆ, ಅದಕ್ಕೇ ಜರ್ಕ್. ಸ್ಕ್ಯಾನರ್ ಹಾಕಿಕೊಂಡು ಮಾರನಹಳ್ಳಿ ತನಕ ಎಣ್ಣೆಯ ಟೆಂಪರೇಚರ್ ರೆಕಾರ್ಡ್ ಮಾಡಿದೆ. 79, 83, 86, 88, ಆಮೇಲೆ ಒಮ್ಮೆಲೇ 41. ಎರಡು ಸೆಕೆಂಡಿಗೆ ಮತ್ತೆ 88. ಏಳು ಲೀಟರ್ ಎಣ್ಣೆ ಒಂದು ಸೆಕೆಂಡಿನಲ್ಲಿ ನಲವತ್ತೇಳು ಡಿಗ್ರಿ ಇಳಿಯುತ್ತದಾ? ಸಾಧ್ಯವೇ ಇಲ್ಲ.

ಮುಂದಿನ ಪ್ರಶ್ನೆ, ತೊಂದರೆ ಒಳಗಾ, ಹೊರಗಾ. ಸೆನ್ಸರ್‌ನ ಎರಡು ಪಿನ್ ತಪ್ಪಿಸಿ ಅಲ್ಲಿಗೆ ವೇರಿಯಬಲ್ ರೆಸಿಸ್ಟರ್ ಕೊಟ್ಟೆ. 320 ಓಮ್‌ಗೆ ಸ್ಕ್ಯಾನರ್ 80 ತೋರಿಸಿತು. ಹಾಗೇ ಘಾಟ್ ಹತ್ತಿಸಿದೆ, 80 ಅಲ್ಲಾಡಲಿಲ್ಲ, ಜರ್ಕೂ ಇಲ್ಲ. ವೈರಿಂಗ್, ಟಿಸಿಎಂ ಎರಡೂ ಪಾಸ್. ಮಿಕ್ಕ ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ವಾಲ್ವ್) ಪಿನ್‌ಗಳನ್ನು ಮುಟ್ಟದೆ ಆ ಎರಡನ್ನೇ ಹೊರಗೆ ತರುವ ಲೀಡ್ ನಾನೇ ಮಾಡಿಕೊಂಡದ್ದು. ಅದರ ವಿವರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಕಸುಬು. ಒಂದು ಎಚ್ಚರ ಮಾತ್ರ ಹೇಳುತ್ತೇನೆ. ಹೀಗೆ ಓಡಿಸುವಾಗ ಎಣ್ಣೆ ನಿಜವಾಗಿ ಕುದಿದರೂ ಟಿಸಿಎಂಗೆ ಗೊತ್ತಾಗುವುದಿಲ್ಲ. ಜಾಸ್ತಿ ದೂರ ಬೇಡ.

ಇನ್‌ಫ್ರಾರೆಡ್ ಗನ್ನನ್ನೂ ಹಿಡಿದು ನೋಡಿದೆ. ಅಲ್ಯೂಮಿನಿಯಂ ಹೊಳೆಯುವುದರಿಂದ ಬಾಕ್ಸ್ ಮೇಲೆ ಬರುವ ರೀಡಿಂಗ್ ಸುಮ್ನೆ ಏನೋ ಒಂದು. ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿದರೆ ಒಳಗಿನದಕ್ಕಿಂತ ಎಂಟು ಹತ್ತು ಡಿಗ್ರಿ ಕಡಿಮೆ ಬರುತ್ತದೆ. ಅಂದಾಜಿಗೆ ಸಾಕು.

ಗೇರ್‌ಬಾಕ್ಸ್ ಅಡಿಯ ಎಣ್ಣೆ ಚೇಂಬರ್ ಬಿಚ್ಚಿ ಒಳಗಿನ ಹಾರ್ನೆಸ್ (ವೈರಿನ ಕಟ್ಟು) ಸಮೇತ ಸೆನ್ಸರ್ ತೆಗೆದೆ. ಮೊದಲು ನೀರಲ್ಲಿ ಕಾಯಿಸಿದೆ. ನಮ್ಮ ಹಾಸನದ ಎತ್ತರಕ್ಕೆ ನೀರು 97ರ ಹತ್ತಿರ ಕುದಿಯುತ್ತದೆ, ಥರ್ಮಾಮೀಟರ್ ಪರೀಕ್ಷೆಗೆ ಅದು ಒಳ್ಳೆಯದೇ. ಆದರೆ ಟರ್ಮಿನಲ್ ನೆನೆದರೆ ನೀರಿನಲ್ಲೇ ಕರೆಂಟ್ ಹರಿದು ಮೀಟರ್ ಲೆಕ್ಕ ಕೆಡುತ್ತದೆ. ಹಾಗಾಗಿ ಎಟಿಎಫ್ ಅನ್ನೇ ಕಾಯಿಸಿದೆ. ಬಯಲಲ್ಲಿ, ಕಾಯಿಲ್ ಒಲೆ ಮೇಲೆ, 110 ದಾಟಿಸದೆ. ಗ್ಯಾಸ್ ಒಲೆ ಹತ್ತಿರವೂ ಬೇಡ.

ಆಗಲೂ ತೊಂದರೆ ಕಾಣಲಿಲ್ಲ! 40ಕ್ಕೆ 1100 ಓಮ್, 80ಕ್ಕೆ 320, ನೂರಕ್ಕೆ 180ರಷ್ಟು. ಇಳಿಜಾರಿನಲ್ಲಿ ಇಳಿದ ಹಾಗೆ ನೀಟಾಗಿ ಇಳಿಯಿತು. ಮತ್ತೆ ಮತ್ತೆ ಕಾಯಿಸಿ ಆರಿಸಿದರೂ ಅಷ್ಟೇ. ಪಕ್ಕದ ಗ್ಯಾರೇಜಿನವರು ಬಂದು ನೋಡಿ, "ಇದರಲ್ಲೇನೂ ಸಿಗಲ್ಲ ಬಿಡಿ ಮೇಸ್ತ್ರಿ, ವಾಲ್ವ್ ಬಾಡಿನೇ" ಅಂದು ಹೋದರು.

ಘಾಟಿನಲ್ಲಿ ಬಿಸಿ ಒಂದೇ ಅಲ್ಲ, ಅದುರುವುದೂ ಇದೆ ಅಲ್ವಾ. ಡಿಜಿಟಲ್ ಮೀಟರ್ ಬದಿಗಿಟ್ಟು ಹಳೇ ಮುಳ್ಳಿನ ಮೀಟರ್ ತಂದೆ. ಡಿಜಿಟಲ್ ನಿಧಾನ, ಚಿಕ್ಕ ಜಿಗಿತವನ್ನು ನುಂಗಿಬಿಡುತ್ತದೆ. ಎಣ್ಣೆ 85ರಲ್ಲಿ ಇರುವಾಗ ಸ್ಕ್ರೂಡ್ರೈವರ್ ಹಿಡಿಯಿಂದ ಸೆನ್ಸರ್ ಬುಡಕ್ಕೆ ಮೆತ್ತಗೆ ತಟ್ಟಿದೆ. 300ರ ಹತ್ತಿರ ಇದ್ದ ಮುಳ್ಳು ಸರಕ್ಕನೆ 1100ಕ್ಕೆ ಹೋಗಿ, ನಡುಗಿ, ವಾಪಸ್ ಬಂತು. ಇನ್ನೊಮ್ಮೆ ತಟ್ಟಿದೆ, ಮತ್ತೆ ಅದೇ. 1100 ಅಂದರೆ ಟಿಸಿಎಂ ಲೆಕ್ಕದಲ್ಲಿ ನಲವತ್ತು ಡಿಗ್ರಿ. ರೆಕಾರ್ಡಿಂಗಿನಲ್ಲಿ ಸಿಕ್ಕ 41 ಇದೇ! ಎಣ್ಣೆ 60ಕ್ಕೆ ಇಳಿದ ಮೇಲೆ ಎಷ್ಟು ತಟ್ಟಿದರೂ ಮುಳ್ಳು ಕದಲಲಿಲ್ಲ. ಸೆನ್ಸರ್ ಒಳಗೆ ಬಿಸಿ ಅಳೆಯುವ ಥರ್ಮಿಸ್ಟರ್ ಚೆನ್ನಾಗಿಯೇ ಇದೆ, ಅದರ ಕಾಲಿಗೆ ವೈರ್ ಒತ್ತಿರುವ ಜಾಗ ಬಿಸಿಯಲ್ಲಿ ಸಡಿಲವಾಗುತ್ತಿತ್ತು.

ವಾಲ್ವ್ ಬಾಡಿ ಸೆಟ್ಟೇ ತಗೊಳ್ಳಬೇಕು ಅಂದಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಳಗಿನ ಹಾರ್ನೆಸ್ ಮಾತ್ರ ಹುಡುಕಿಸಿದೆ, ಏಳು ಸಾವಿರದೊಳಗೆ ಸಿಕ್ಕಿತು. ಅದನ್ನೂ ಕಾಯಿಸಿ, ತಟ್ಟಿ ನೋಡಿಯೇ ಕೂರಿಸಿದ್ದು. ಸ್ಟ್ರೈನರ್, ಗ್ಯಾಸ್ಕೆಟ್, ನಾಲ್ಕೂವರೆ ಲೀಟರ್ ಎಟಿಎಫ್, ಲೇಬರ್ ಎಲ್ಲ ಸೇರಿ ಹದಿನೆಂಟು ಸಾವಿರದ ಒಳಗೆ ಬಿಲ್.

ಇನ್ನೊಂದು ವಿಷಯ ಇದೆ. ಚೇಂಬರ್ ಬಿಚ್ಚುವ ಮೊದಲು ಲೆವೆಲ್ ನೋಡಿದ್ದೆ, ಕಾಲು ಲೀಟರಿನಷ್ಟು ಕಡಿಮೆ ಇತ್ತು, ಎಲ್ಲೂ ಲೀಕ್ ಇರಲಿಲ್ಲ. ಈ ಬಾಕ್ಸಿನಲ್ಲಿ ಲೆವೆಲ್ ಪ್ಲಗ್ ಬಿಚ್ಚುವುದು ಸ್ಕ್ಯಾನರ್ 40 ತೋರಿಸುವಾಗ. ಸೆನ್ಸರ್ ಸುಳ್ಳು 40 ತೋರಿಸಿ ಎಣ್ಣೆ ನಿಜಕ್ಕೂ 80ರಲ್ಲಿದ್ದರೆ ಉಬ್ಬಿ ಹೊರಗೆ ಬಂದುಬಿಡುತ್ತದೆ, ಆರಿದ ಮೇಲೆ ಲೆವೆಲ್ ಕಡಿಮೆ. ಮುಂಚೆ ಆಯಿಲ್ ಬದಲಾಯಿಸಿದವರಿಗೆ ಹೀಗೇ ಆಗಿರಬೇಕು ಅನ್ನುವುದು ನನ್ನ ಲೆಕ್ಕ.

ಅಡಾಪ್ಟೇಷನ್ ರಿಸೆಟ್ ಮಾಡಿ, ಅಂದರೆ ಟಿಸಿಎಂ ಕಲಿತಿಟ್ಟುಕೊಂಡ ಹಳೇ ಲೆಕ್ಕ ಅಳಿಸಿ, ಅದೇ ಘಾಟ್ ಹತ್ತಿಸಿದೆ. ಟೆಂಪರೇಚರ್ ನಿಧಾನಕ್ಕೆ ಏರಿ 97ರ ಹತ್ತಿರ ನಿಂತಿತು. 80ರ ಸ್ಪೀಡಿಗೆ ಮತ್ತೆ 1700. ಒಂಬತ್ತಕ್ಕೆ ಇಳಿದಿದ್ದ ಮೈಲೇಜ್ ಹನ್ನೆರಡರ ಹತ್ತಿರ ಬಂದಿದೆ ಎಂದು ಓನರ್ ಫೋನ್ ಮಾಡಿದ್ದರು. ಒಂದು ಮಳೆಗಾಲ ಕಳೆದಿದೆ, ಕೋಡ್ ತಿರುಗಿ ಬಂದಿಲ್ಲ. ಹಳೇ ಹಾರ್ನೆಸ್ ಗ್ಯಾರೇಜಿನಲ್ಲೇ ಇಟ್ಟಿದ್ದೇನೆ. ನಂಬಿಕೆ ಬರದವರು ಬನ್ನಿ, ಎಣ್ಣೆ ಕಾಯಿಸಿ ಮುಳ್ಳು ಜಿಗಿಯುವುದನ್ನು ತೋರಿಸುತ್ತೇನೆ.