ರೋಹಿತದಲ್ಲಿ ಗಾಜನ್ನು ಗುರುತಿಸಿದ ಬಗೆ: ನನ್ನ ಅನುಭವ

ಎಚ್‌ಡಿ 172555 ನಕ್ಷತ್ರದ ಸುತ್ತಲಿನ ಧೂಳಿನಲ್ಲಿ ಗಾಜಿನಂಥ ಸಿಲಿಕಾ (ಮರಳಿನ ಮುಖ್ಯ ವಸ್ತು) ಇದೆಯೆಂಬುದು 2009ರಲ್ಲೇ ಪ್ರಕಟವಾದ ಸಂಗತಿ. ಸೆಕೆಂಡಿಗೆ ಹತ್ತು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಗ್ರಹಗಾತ್ರದ ಕಾಯಗಳು ಅಪ್ಪಳಿಸಿ ಕಲ್ಲು ಕರಗಿ ಆವಿಯಾದಾಗ ಉಳಿಯುವ ಧೂಳು ಅದು. ಸ್ಪಿಟ್ಜರ್ ಎಂಬ ಅವಕೆಂಪು ಬಾಹ್ಯಾಕಾಶ ದೂರದರ್ಶಕದ ಸಂಗ್ರಹದಲ್ಲಿ ಉಚಿತವಾಗಿ ಸಿಗುವ ರೋಹಿತವನ್ನೂ (ಬೆಳಕನ್ನು ತರಂಗದೂರಕ್ಕೆ ತಕ್ಕಂತೆ ಬಿಡಿಸಿದ ನಕ್ಷೆ) ನಾನೇ ಅರೆದ ಪುಡಿಯನ್ನೂ ಹೋಲಿಸಿ, ದೂರದರ್ಶಕವಿಲ್ಲದೆ ಅದನ್ನೇ ಕಾಣಬಲ್ಲೆನೆಂದಾಗ ಧಾರವಾಡದ ಗೆಳೆಯರಲ್ಲಿ ಯಾರೂ ಒಪ್ಪಲಿಲ್ಲ.

ಮೊದಲ ನಾಲ್ಕು ತಿಂಗಳು ವ್ಯರ್ಥವಾದವು. 14 ಮೈಕ್ರಾನ್ ತರಂಗದೂರದ ಆಸುಪಾಸಿನಲ್ಲಿ ರೋಹಿತದ ಎರಡು ತುಂಡುಗಳು ಕೂಡುವೆಡೆ ಮೆಟ್ಟಿಲಿನಂಥ ಜಿಗಿತವಿತ್ತು. ಧೂಳಿನ ತಾಪವನ್ನು 330 ಕೆಲ್ವಿನ್ ಬದಲು 250 ಎಂದಿಟ್ಟು, ಆ ತಾಪದ ಕಾಯ ಸೂಸುವ ಬೆಳಕಿನಿಂದ ರೋಹಿತವನ್ನು ಭಾಗಿಸಿದ್ದರಿಂದ ಸಿಲಿಕಾದ ಉಬ್ಬು ಕಿರಿಯ ತರಂಗದೂರದ ಕಡೆಗೆ ವಾಲಿತು. ತುಂಡುಗಳನ್ನು ಕೂಡಿಸಲು ಕೊನೆಗೆ ಯಾವ ಬಿಂದುಗಳನ್ನು ಆಧಾರವಾಗಿ ಹಿಡಿದೆನೆಂಬುದನ್ನು ಸದ್ಯಕ್ಕೆ ಹೇಳಲಾರೆ.

ಹಣ ತಿಂದದ್ದು ಪುಡಿ. ಗದಗದ ಕಡೆಯ ಹೊಲದ ಬದುವಿನಲ್ಲಿ ಸಿಕ್ಕ ಬೆಣಚುಕಲ್ಲನ್ನು (ಸಿಲಿಕಾದ ಹರಳು ರೂಪ) ಅಗೇಟ್ ಕಲ್ಬತ್ತಿನಲ್ಲಿ ಅರೆದು, ಪೊಟ್ಯಾಸಿಯಂ ಬ್ರೋಮೈಡಿನೊಡನೆ ಬಿಲ್ಲೆ ಒತ್ತಿ, ಅವಕೆಂಪು ರೋಹಿತ ಅಳೆಯುವ ಎಫ್‌ಟಿಐಆರ್ ಯಂತ್ರಕ್ಕೆ ಕೊಡಲು ಪ್ರತಿ ಬಿಲ್ಲೆಗೆ ಐನೂರು ರೂಪಾಯಿಯಂತೆ ತೆತ್ತೆ. ಮೂವತ್ತರಲ್ಲಿ ಹತ್ತೊಂಬತ್ತೋ ಇಪ್ಪತ್ತೋ ಕೆಟ್ಟವು. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಬ್ರೋಮೈಡು ತೇವ ಹೀರಿ ಬಿಲ್ಲೆ ಮಂಜಾಗುತ್ತಿತ್ತು. ಪುಡಿ ತರಿಯಾಗಿದ್ದರೆ ಶಿಖರ ಚಪ್ಪಟೆಯಾಗುತ್ತಿತ್ತು. ಪುಡಿಯನ್ನು ಆಲ್ಕೋಹಾಲಿನಲ್ಲಿ ಕದಡಿ, ತಳಕ್ಕೆ ಇಳಿಯದೆ ತೇಲುವ ಅಂಶವನ್ನಷ್ಟೇ ಬಸಿದುಕೊಂಡ ಮೇಲೆ ಕೆಲಸ ಹಳಿಗೆ ಬಂತು. ಎಷ್ಟು ನಿಮಿಷ ಕಾಯಬೇಕೆಂಬುದು ನನ್ನ ಗುಟ್ಟು.

ನಡುವೆ ಸೋಡಾ ಬಾಟಲಿಯ ಗಾಜನ್ನೂ ಅರೆದು ನೋಡಿದೆ. ಅದರಲ್ಲಿ ಸೋಡಿಯಂ ಮತ್ತು ಕ್ಯಾಲ್ಸಿಯಂ ಬೆರೆತಿರುವುದರಿಂದ ಉಬ್ಬು ಹಿರಿಯ ತರಂಗದೂರಕ್ಕೆ ಸರಿಯಿತು. ಒಡೆದ ಸಿಲಿಕಾ ಮೂಸೆಯ ಚೂರು ಮಾತ್ರ 9.1 ಮೈಕ್ರಾನಿನ ಬಳಿ ಚೊಕ್ಕ ಶಿಖರ ಕೊಟ್ಟಿತು. ಬೆಣಚುಕಲ್ಲಿನ ಶಿಖರವೂ ಹೆಚ್ಚುಕಡಿಮೆ ಅಲ್ಲಿಯೇ ಬರುತ್ತದೆಯಾದರೂ, ಹರಳಿಗೆ 12.5 ಮತ್ತು 12.8ರಲ್ಲಿ ಜೋಡಿ ಶಿಖರವಿದೆ. ಗಾಜಿಗೆ ಆ ಜಾಗದಲ್ಲಿ ಒಂದೇ. ನನ್ನ ಇಡೀ ವಿಧಾನ ನಿಂತಿರುವುದು ಈ ಭೇದದ ಮೇಲೆ. ನಕ್ಷತ್ರದ ರೋಹಿತದಲ್ಲಿ 9.3ರ ಉಬ್ಬು ಎದ್ದು ಕಂಡಿತು, ಜೋಡಿ ಶಿಖರ ಕಾಣಲಿಲ್ಲ.

ಎಲ್ಲರಿಗಿಂತ ಗಟ್ಟಿಯಾಗಿ ಅನುಮಾನಿಸಿದ್ದ ಗೆಳೆಯರೊಬ್ಬರು ಹೆಸರು ಮುಚ್ಚಿ ಆರು ರೋಹಿತಗಳನ್ನು ಕೊಟ್ಟರು. ಸಿಲಿಕಾದ ನಕ್ಷತ್ರವನ್ನು ಮೊದಲ ಸಂಜೆಯೇ ಹೆಕ್ಕಿಕೊಟ್ಟೆ, 11.3ರಲ್ಲಿ ಕಾಣುವ ಆಲಿವೀನ್ ಎಂಬ ಖನಿಜದ ಹರಳಿನ ಗುರುತಿನಿಂದ ಎಚ್‌ಡಿ 69830 ನಕ್ಷತ್ರವನ್ನೂ ಹೆಸರಿಸಿದೆ. ಈಗ ಅವರೇ ಹಸ್ತಾ ನಕ್ಷತ್ರಪುಂಜದ ಈಟಾ ಕೋರ್ವಿ ಎಂಬ ನಕ್ಷತ್ರದ ರೋಹಿತವನ್ನು ತಂದು ನನ್ನ ಮೇಜಿನ ಮೇಲಿಟ್ಟಿದ್ದಾರೆ.