ಮಳೆ ನಕ್ಷತ್ರದ ಲೆಕ್ಕದಲ್ಲಿ ಹವಾಮಾನ ಬದಲಾವಣೆ: ಕೃಷಿ ಸಲಹೆಗಾರರ ತರಬೇತಿಯಲ್ಲಿ ನನ್ನ ಅನುಭವ

ಚಳ್ಳಕೆರೆ ಸೀಮೆಯ ರೈತ ಸಂಪರ್ಕ ಕೇಂದ್ರಗಳ ಅಧಿಕಾರಿಗಳಿಗೂ ಹಳ್ಳಿಗಳಲ್ಲಿ ಕೃಷಿ ಸಲಹೆ ಕೊಡುವ ಮಹಿಳೆಯರಾದ ಕೃಷಿ ಸಖಿಯರಿಗೂ ಹವಾಮಾನ ಬದಲಾವಣೆಯ ತರಬೇತಿಯನ್ನು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ನಡೆಸುತ್ತೇನೆಂದಾಗ, ಪಂಚಾಂಗವನ್ನು ವಿಜ್ಞಾನದೊಳಗೆ ತರಬೇಡಿ ಎಂದು ಸಹೋದ್ಯೋಗಿಗಳು ಎಚ್ಚರಿಸಿದ್ದರು. ಈಗ ಪಕ್ಕದ ತಾಲ್ಲೂಕುಗಳವರೂ ನಮ್ಮ ಮಳೆ ಲೆಕ್ಕದ ಹಾಳೆಗಳನ್ನು ಕೇಳಿ ಒಯ್ಯುತ್ತಿದ್ದಾರೆ.

ನಕ್ಷತ್ರದ ಲೆಕ್ಕಕ್ಕೆ ಬರುವ ಮುನ್ನ, ಮೊದಲ ಸುತ್ತುಗಳಲ್ಲಿ ಸಭಾಂಗಣ, ಊಟ, ಉಪನ್ಯಾಸಕರ ಗೌರವಧನ ಸೇರಿ ಒಂದು ತಂಡಕ್ಕೆ ಸುಮಾರು 40,000 ರೂಪಾಯಿ ಖರ್ಚಾಗುತ್ತಿತ್ತು. ಭೂಮಿಯ ಸರಾಸರಿ ಉಷ್ಣಾಂಶ ಸುಮಾರು 1.1 ಡಿಗ್ರಿ ಏರಿದೆ ಎಂಬುದನ್ನು ಎಲ್ಲರೂ ಬರೆದುಕೊಂಡರು. ಹೊಲದ ಬದುವಿನ ಮೇಲೆ ಅದು ಯಾರ ಬಾಯಿಂದಲೂ ಬರಲಿಲ್ಲ. 2023 ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರು ಸಾಮಾನ್ಯವಾಗಿ ಸೊರಗುವಂಥ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ತರಬೇತಿ ಪಡೆದ ಹಲವರು ‘ಇದೇ ಹವಾಮಾನ ಬದಲಾವಣೆ, ಇನ್ನು ಮುಂದೆ ಹೀಗೆಯೇ’ ಎಂದು ಹೇಳಿಬಿಟ್ಟರು. 2024ರಲ್ಲಿ ಮುಂಗಾರು ಚೆನ್ನಾಗಿ ಸುರಿಯಿತು, ರೈತರು ಅವರ ಮಾತು ಕೇಳುವುದನ್ನೇ ಬಿಟ್ಟರು.

ಒಂದು ಮಳೆ ನಕ್ಷತ್ರವೆಂದರೆ 13-14 ದಿನ. ಅದು ಸೂರ್ಯನ ಚಲನೆಯ ಲೆಕ್ಕವಾದ್ದರಿಂದ ತಾರೀಖು ಹೆಚ್ಚೆಂದರೆ ಒಂದು ದಿನ ಆಚೀಚೆಯಾಗುತ್ತದೆ. ವರ್ಷಗಳ ಹೋಲಿಕೆಗೆ ತೊಡಕಿಲ್ಲ. ಪ್ರತಿಯೊಬ್ಬರೂ ತಮ್ಮ ಹತ್ತಿರದ ಮಳೆಮಾಪನ ಕೇಂದ್ರದ 30 ವರ್ಷಗಳ ದಿನವಹಿ ದಾಖಲೆಯನ್ನು ಹಿಡಿದು, 2.5 ಮಿ.ಮೀ.ಗಿಂತ ಕಡಿಮೆ ಬಿದ್ದ ದಿನಗಳನ್ನು ಬಿಟ್ಟು, ಪ್ರತಿ ನಕ್ಷತ್ರದ ಮಳೆ ದಿನಗಳನ್ನು ಚೌಕುಳಿ ಹಾಳೆಯಲ್ಲಿ ಬಣ್ಣದಿಂದ ತುಂಬಬೇಕು. ಕಂಪ್ಯೂಟರ್ ಕೊಡುವುದಿಲ್ಲ, ಕೈಯಿಂದ ತುಂಬಿದ ಲೆಕ್ಕ ಮರೆಯುವುದಿಲ್ಲ. ಪುನರ್ವಸುವಿನಲ್ಲಿ ಬಿತ್ತಿದ ಶೇಂಗಾದ ಹೂತೊಟ್ಟು ಕಾಯಿ ಕಟ್ಟಲು ಮಣ್ಣಿಗಿಳಿಯುವ ಹೊತ್ತು ಮಖೆ, ಹುಬ್ಬೆಗೆ ಬೀಳುವುದರಿಂದ, ಆ ಎರಡು ಸಾಲುಗಳು ಎಷ್ಟು ವರ್ಷ ಬರಿದಾಗಿದ್ದವೆಂದು ಮೊದಲ 15 ಮತ್ತು ನಂತರದ 15 ವರ್ಷಗಳನ್ನು ಎದುರುಬದುರು ಇಟ್ಟು ನೋಡುತ್ತಾರೆ. ಹೋಬಳಿಯಿಂದ ಹೋಬಳಿಗೆ ಚಿತ್ರ ಬೇರೆ. ವ್ಯತ್ಯಾಸ ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯಬೇಕು, ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಟ್ಟಿಲ್ಲ. ಮಳೆಯ ಏರುಪೇರು ಸಹಜವಾಗಿಯೇ ದೊಡ್ಡದು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಸಾಕ್ಷಿ ಉಷ್ಣಾಂಶದ ದಾಖಲೆಯಲ್ಲಿದೆ. ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು ಎಂಬುದನ್ನು, ಒಂದೇ ದಿನ ಸುರಿದು ಹೋದ ಮಳೆಗಳನ್ನು ಹಾಳೆಯಲ್ಲಿ ಕಂಡ ಮೇಲಷ್ಟೇ ಹೇಳುತ್ತೇನೆ.

ಎರಡನೆಯ ದಿನ ರೈತರೇ ಎದುರು ಕೂರುತ್ತಾರೆ. ಕೂಲಿ ತಪ್ಪುವುದರಿಂದ ತಲಾ 400 ರೂಪಾಯಿ ಕೊಡುತ್ತೇವೆ. ತರಬೇತಿಗೆ ಬಂದವರು ಅವರಿಗೆ ‘ಈ ಸಲ ಮಖೆ ಕೈಕೊಡುತ್ತದೆ’ ಎನ್ನುವಂತಿಲ್ಲ. ‘ಹತ್ತು ವರ್ಷದಲ್ಲಿ ನಾಲ್ಕು ಸಲ ಕೈಕೊಟ್ಟಿದೆ ಅಣ್ಣಾ, ಶೇಂಗಾದ ನಡುವೆ ಒಂದೊಂದು ಸಾಲು ತೊಗರಿ ಇರಲಿ’ ಎನ್ನಬೇಕು. ಎಂಥ ರೈತರನ್ನು ಕರೆಯುತ್ತೇನೆ, ಮೊದಲ ಪ್ರಶ್ನೆಯನ್ನು ಯಾರಿಂದ ಕೇಳಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತರಬೇತಿಯ ಅರ್ಧ ಬಲ ಅದರಲ್ಲೇ ಇದೆ. ಈಗ ಒಂದು ತಂಡಕ್ಕೆ ತಗಲುವುದು 14-15 ಸಾವಿರ.

ನಡುವೆ, ಕೃಷಿ ಪರಿಕರ ಮಾರಾಟಗಾರರಿಗೆಂದೇ ಇರುವ ‘ದೇಸಿ’ (DAESI) ಡಿಪ್ಲೊಮಾ ಓದುತ್ತಿದ್ದ ಬೀಜ-ಗೊಬ್ಬರದ ಅಂಗಡಿಯವರ ಮೇಲೂ ಇದನ್ನು ಪ್ರಯೋಗಿಸಿದೆ. ರೈತರು ಹೆಚ್ಚಾಗಿ ಸಲಹೆ ಕೇಳುವುದು ಅವರನ್ನೇ, ಆದರೂ ನಮ್ಮ ತರಬೇತಿಗಳಿಗೆ ಅವರನ್ನು ಕರೆಯುವವರಿಲ್ಲ. ಬಣ್ಣ ತುಂಬಿ ಮುಗಿಯುವ ಮೊದಲೇ ಅವರು ಕೇಳಿದ್ದು, ಹುಬ್ಬೆಗೆ ಮುಂಚೆ ಕಾಯಿ ಕಟ್ಟುವ ತಳಿ ಯಾವುದೆಂದು. ತಳಿಯ ಅವಧಿಯ ಕಾಲಂ ಹಾಳೆಗೆ ಸೇರಿದ್ದು ಹಾಗೆ.