ಗೇಟಿಗೆ ಅಡ್ಡ ಯಾರು ಕೂರಬೇಕು?

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಹೋದರೆ ಸಿಗುವ ಕನ್ನಡ ಮಾಧ್ಯಮ ಶಾಲೆ. ಆ ಜೂನ್‌ನಲ್ಲಿ ಸಮಾಜ ವಿಜ್ಞಾನಕ್ಕೆ ಬಂದ ಮಾಷ್ಟ್ರಿಗೆ ಕನ್ನಡ ಬರುತ್ತಿರಲಿಲ್ಲ. ಮಗಳ ನೋಟ್ ಪುಸ್ತಕ ತೆರೆದು ನೋಡಿದೆ. ಬೋರ್ಡಿನಲ್ಲಿದ್ದ ಮಲಯಾಳ ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ಇಳಿಸಿಕೊಂಡಿದ್ದಳು. "ಇದೆಂತ?" ಎಂದರೆ, "ಗೊತ್ತಿಲ್ಲಪ್ಪ, ಬೋರ್ಡಲ್ಲಿ ಇತ್ತು" ಎಂದಳು.

ಮೊದಲು ಆ ಮಾಷ್ಟ್ರನ್ನೇ ಕಂಡೆವು. "ನಾನು ಕೇಳಿ ಬಂದದ್ದಲ್ಲ" ಎಂದರು. ಅವರ ಮುಖ ನೋಡಿದರೆ ಬೇಸರವಾಗುತ್ತಿತ್ತು. ಆಮೇಲೆ ಶಿಕ್ಷಣ ಕಚೇರಿಗೆ ಕನ್ನಡದಲ್ಲೇ ಅರ್ಜಿ ಕೊಟ್ಟೆವು. ಇಲ್ಲಿಯ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು ಅಂತ ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಇದೆ. ಎರಡು ತಿಂಗಳ ಮೇಲೆ ಉತ್ತರ ಬಂತು, ಮಲಯಾಳದಲ್ಲಿ.

ಆಗ ಒಬ್ಬರು, "ಇನ್ನು ಆ ಕಚೇರಿಯ ಗೇಟಿಗೆ ಅಡ್ಡ ಕೂರುವ" ಎಂದರು. ನಾನು ಹಿಂದೆ ಮುಂದೆ ನೋಡಿದೆ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿದವನು ನಾನು. ಸಂವಿಧಾನದ ದಾರಿ ತೆರೆದಿರುವಾಗ ಕಾನೂನುಭಂಗ, ಸತ್ಯಾಗ್ರಹ ಇವನ್ನೆಲ್ಲ ಬಿಡಬೇಕು ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಆ ಮಾತನ್ನು ದಾಟುವುದು ನನಗೆ ಸುಲಭವಾಗಲಿಲ್ಲ. ಆದರೆ 1927ರಲ್ಲಿ ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆಗೆ ದಲಿತರನ್ನು ಕರೆದುಕೊಂಡು ಹೋಗಿ ನೀರು ಕುಡಿದವರೂ ಅವರೇ ಅಲ್ವಾ? ಆ ಕೆರೆ ಎಲ್ಲರಿಗೂ ಸೇರಿದ್ದು ಅಂತ ಅಲ್ಲಿಯ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಹಕ್ಕು ಕಾಗದದಲ್ಲಿತ್ತು, ನೀರು ಮಾತ್ರ ಸಿಕ್ಕಿರಲಿಲ್ಲ. ನಮ್ಮ ಕಾಗದವನ್ನು ಕೈಯಲ್ಲಿ ಹಿಡಿದಾಗ ನನಗೆ ಆ ಕೆರೆಯೇ ನೆನಪಾಯಿತು.

ಆ ರಾತ್ರಿ ನಮ್ಮ ಮನೆಯ ಜಗಲಿಯಲ್ಲಿ ಇಪ್ಪತ್ತು ಜನ ಸೇರಿದೆವು. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಬರೆದದ್ದನ್ನು ನನಗೆ ತಿಳಿದಷ್ಟು ಹೇಳಿದೆ. ಕಾನೂನು ಮುರಿಯುವುದಾದರೆ ಎಲ್ಲರ ಕಣ್ಣೆದುರು ಮುರಿಯಬೇಕು. ಯಾರ ಮೈಮೇಲೂ ಕೈ ಮಾಡಬಾರದು. ಶಿಕ್ಷೆಯಿಂದ ತಪ್ಪಿಸಿಕೊಳ್ಳಬಾರದು. ಎಲ್ಲರೂ ತಲೆಯಾಡಿಸಿದರು.

ಬೀಡಿ ಕಟ್ಟುವ ಅಕ್ಕ ಒಬ್ಬರು ಮಾತ್ರ ಸುಮ್ಮನಿರಲಿಲ್ಲ. "ಬ್ರಾಂಚಿಗೆ ಬೀಡಿ ಕೊಡದಿದ್ದರೆ ಆ ದಿನ ನನಗೆ ಸಂಬಳ ಇಲ್ಲ. ಮೇಲಿಂದ ದಂಡವೂ ಕಟ್ಟಬೇಕು ಅಂತೀರಿ. ಹಾಗಾದರೆ ನ್ಯಾಯ ಕೇಳುವುದು ದುಡ್ಡಿದ್ದವರ ಕೆಲಸವಾ ಅಣ್ಣ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಶಿಕ್ಷೆ ಒಂದೇ ಆದರೂ ಅದರ ಭಾರ ಒಂದೇ ಅಲ್ಲ. ಪುಸ್ತಕದಿಂದ ಇದು ನನಗೆ ತಿಳಿದಿರಲಿಲ್ಲ. ಆಮೇಲಿನ ಎರಡು ಗಂಟೆ ನಾವು ಬರೀ ಇದನ್ನೇ ಮಾತಾಡಿದೆವು. ಸಭೆಯಲ್ಲಿ ಗಲ್ಫಿಗೆ ಹೊರಟ ಹುಡುಗನೊಬ್ಬ ಇದ್ದ. ತಂಗಿ ಅದೇ ಕ್ಲಾಸಿನಲ್ಲಿದ್ದಾಳೆ, ಎಲ್ಲರಿಗಿಂತ ಹೆಚ್ಚು ಸಿಟ್ಟು ಅವನಿಗೇ. ಆದರೆ ಒಂದು ಕೇಸ್ ಬಿದ್ದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಸಿಗುವುದು ಕಷ್ಟ, ವೀಸಾವೂ ಹೋದ ಹಾಗೆಯೇ. "ನೀನು ಕೂರಬೇಡ" ಎಂದೆವು. ಅವನು ಎದ್ದು ಅಂಗಳಕ್ಕೆ ಹೋದ. ಸ್ವಲ್ಪ ಹೊತ್ತು ಬಿಟ್ಟು ಬಂದು, "ಹಾಗಾದರೆ ನೀರು, ಊಟ ನನ್ನ ಲೆಕ್ಕ" ಎಂದ. ಮಕ್ಕಳು ಬೇಡ ಅಂತಲೂ ಆಯಿತು. ಕ್ಯಾಮರಾದ ಮುಂದೆ ಮಕ್ಕಳಿದ್ದರೆ ಬೇಗ ಕೆಲಸ ಆಗುತ್ತದೆ, ನಿಜ. ಆದರೆ ಅವರು ಒಪ್ಪಿ ಬಂದವರಲ್ಲ. ದಂಡಕ್ಕೂ ಹೋದ ಸಂಬಳಕ್ಕೂ ಅಂತ ಎಲ್ಲರೂ ಕೈಲಾದಷ್ಟು ಹಾಕಿ ಒಂದು ಡಬ್ಬಿ ಮಾಡಿದೆವು. ಅಕ್ಕನೂ ಹತ್ತು ರೂಪಾಯಿ ಹಾಕಿದರು.

ಪೊಲೀಸರಿಗೆ ಮುಂಚೆಯೇ ಪತ್ರ ಕೊಟ್ಟು ಒಂಬತ್ತು ಜನ ಕೂತೆವು. ಮಧ್ಯಾಹ್ನ ಜೀಪು ಬಂತು. ಕೋರ್ಟಿನಲ್ಲಿ "ಹೌದು, ಕೂತಿದ್ದೆವು" ಎಂದೆವು. ದಂಡ, ಜೊತೆಗೆ ಕೋರ್ಟು ಏಳುವವರೆಗೆ ಅಲ್ಲೇ ಇರುವ ಶಿಕ್ಷೆ. ಅಷ್ಟರೊಳಗೆ, ಅಕ್ಟೋಬರಿನಲ್ಲೇ, ಕನ್ನಡ ಬಲ್ಲ ಟೀಚರ್ ಒಬ್ಬರು ದಿನಗೂಲಿಯ ಮೇಲೆ ಶಾಲೆಗೆ ಬಂದಿದ್ದರು.

ಒಂದು ವಿಷಯವನ್ನು ಮೊದಲೇ ಬರೆಯಬೇಕಿತ್ತು. ನಾವು ಕೂತ ದಿನ ಬೆಳಿಗ್ಗೆ ನಿವೃತ್ತ ಟೀಚರ್ ಒಬ್ಬರು ಪೆನ್ಷನ್ ಕಾಗದ ಹಿಡಿದು ಗೇಟಿಗೆ ಬಂದಿದ್ದರು. ಎರಡು ಬಸ್ ಬದಲಿಸಿ ಬಂದವರು. "ಒಬ್ಬರನ್ನು ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತದೆ" ಅಂತ ನಮ್ಮವರೊಬ್ಬರು ಹೇಳಿದರು. ನಾನು ಎದ್ದು ದಾರಿ ಕೊಡಲಿಲ್ಲ. ಅವರು ಸ್ವಲ್ಪ ಹೊತ್ತು ಬಿಸಿಲಿನಲ್ಲೇ ನಿಂತು, ಕೊಡೆ ಬಿಡಿಸಿ ಹಿಂದೆ ಹೋದರು. ಅದು ನನ್ನದೇ ತಪ್ಪು. ನಮ್ಮ ಶಿಕ್ಷೆ ಯಾರು ಹೊರಬೇಕು ಅಂತ ರಾತ್ರಿಯೆಲ್ಲ ಲೆಕ್ಕ ಹಾಕಿದ್ದೆವು. ಇವರು ಆ ಲೆಕ್ಕದಲ್ಲೇ ಇರಲಿಲ್ಲ.

ನಾಲ್ಕನೇ ದಿನ ವಿಚಾರಿಸಿಕೊಂಡು ಅವರ ಮನೆಗೆ ಹೋದೆ. "ತಪ್ಪಾಯಿತು ಟೀಚರ್" ಎಂದೆ. ಅವರು ಕೂರಲು ಹೇಳಿ, "ಮಕ್ಕಳಿಗೆ ಮಾಷ್ಟ್ರು ಸಿಕ್ಕಿದರಾ?" ಎಂದು ಕೇಳಿದರು. ಇಲ್ಲ ಎಂದೆ. "ನನ್ನ ಕಾಗದವೂ ಆಗಲಿಲ್ಲ" ಎಂದರು. ಸೋಮವಾರ ನಾವಿಬ್ಬರೂ ಒಟ್ಟಿಗೆ ಹೋಗಿ ಅದೇ ಗೇಟಿನಿಂದ ಒಳಗೆ ಹೋದೆವು.